ಎಡಕ್ಕೆ ವಾಲಿದ ಗಾಜು

ಬೆಳಗ್ಗೆ ಎದ್ದು ಜಗಲಿಗೆ ಬಂದ ನಂಜುಂಡಸ್ವಾಮಿ ಎಂದಿನಂತೆ ಎಡಗಣ್ಣನ್ನು ಅಂಗೈಯಿಂದ ಮುಚ್ಚಿ ಬೆಟ್ಟ ಇದೆಯೇ ಎಂದು ನೋಡಿದ. ಇರಲಿಲ್ಲ. ಬೆಟ್ಟದಪುರದಲ್ಲಿ ಹುಟ್ಟಿ, ಐವತ್ತೆಂಟು ವರ್ಷ ಬೆಟ್ಟದ ಬುಡದಲ್ಲೇ ಬದುಕಿದವನಿಗೆ ಬೆಟ್ಟವೇ ಕಾಣದಿರುವುದು ಸಣ್ಣ ಸಂಗತಿಯಲ್ಲ. ಅಂಗೈಯನ್ನು ಬಲಗಣ್ಣಿಗೆ ಬದಲಾಯಿಸಿದ. ಬೆಟ್ಟ, ಮೆಟ್ಟಿಲ ಸಾಲು, ತುದಿಯ ಗುಡಿ ಎಲ್ಲ ಏನೂ ನಡೆದೇ ಇಲ್ಲವೆಂಬಂತೆ ಬಂದು ನಿಂತವು. ಈ ಪರೀಕ್ಷೆಯನ್ನು ಅವನು ಒಂದೂವರೆ ವರ್ಷದಿಂದ ನಡೆಸುತ್ತ ಬಂದಿದ್ದ. ಬಲಗಣ್ಣು ದಿನವೂ ಫೇಲಾಗುತ್ತಿತ್ತು. ಅವನು ಇಬ್ಬನಿಯ ಮೇಲೋ, ಹೊಗೆಸೊಪ್ಪು ಬೇಯಿಸುವ ಬ್ಯಾರನ್ನಿನ ಹೊಗೆಯ ಮೇಲೋ ತಪ್ಪು ಹೊರಿಸಿ ದಿನವೂ ಅದನ್ನು ಪಾಸು ಮಾಡುತ್ತಿದ್ದ. ಆದರೆ ಇವತ್ತು ಆಯುಧಪೂಜೆ. ಇವತ್ತು ಊರೇ ಮನೆಗೆ ಬಂದು ನಿಂತು ಅವನ ಕಣ್ಣಿನ ಪರೀಕ್ಷೆ ಮಾಡುತ್ತದೆ. ಒಳಗಿನಿಂದ ಹೆಂಡತಿ ಸುನಂದಮ್ಮ, “ಏನೂಂದ್ರೆ, ಕಣ್ಣಿಗೇನಾರ ಬಿತ್ತಾ?” ಎಂದು ಕೇಳಿದಳು. “ಧೂಳು ಕಣೇ” ಎಂದ. ಹಿಂದಿನ ದಿನವಷ್ಟೇ ಮಳೆ ಹೊಯ್ದು ಅಂಗಳದಲ್ಲಿ ಇನ್ನೂ ನೀರು ನಿಂತಿತ್ತು.

ಈ ಮನೆಯಲ್ಲಿ ಆಯುಧಪೂಜೆಯ ತೆಂಗಿನಕಾಯನ್ನು ಕಲ್ಲಿಗೆ ಒಡೆಯುವುದಿಲ್ಲ, ಗುಂಡಿನಿಂದ ಒಡೆಯುತ್ತಾರೆ. ಕಾವೇರಿಯ ಆಚೆ ಕೊಡಗಿನವರು ತಮ್ಮ ಹಬ್ಬದಲ್ಲಿ ಕಾಯಿಗೆ ಗುಂಡು ಹೊಡೆಯುವುದನ್ನು ನೋಡಿಕೊಂಡು ಬಂದ ಅಪ್ಪ ಗುರುಮಲ್ಲಪ್ಪ, ಅಲ್ಲಿಯ ತೋಟದ ಸಾಹುಕಾರರೊಬ್ಬರಿಂದ ಒಂದು ಪಾಯಿಂಟ್ ಟೂ ಟೂ ಕೋವಿಯನ್ನೂ ಆ ಪದ್ಧತಿಯನ್ನೂ ಒಟ್ಟಿಗೇ ತಂದಿದ್ದ. ಬೆಳೆ ಕಾಯಲೆಂದು ಲೈಸೆನ್ಸು ಕೊಟ್ಟವರಿಗೆ ಗೊತ್ತಿರಲಿಲ್ಲ, ಕೊರಳಲ್ಲಿ ಲಿಂಗ ಕಟ್ಟಿದ ಈ ಮನೆತನ ಇರುವೆಯನ್ನೂ ನೋಡಿ ಹೆಜ್ಜೆ ಇಡುವಂಥದ್ದು ಎಂದು. ನಲವತ್ತು ವರ್ಷಗಳಲ್ಲಿ ಆ ಕೋವಿ ಮಾಡಿದ ಬೇಟೆಯೆಲ್ಲ ತೆಂಗಿನಕಾಯಿಯದೇ. ಹಿತ್ತಲ ಹುಣಸೆಮರದ ಕೊಂಬೆಗೆ ಬಾಳೆನಾರಿನಲ್ಲಿ ಕಾಯಿ ತೂಗುಹಾಕಬೇಕು. ಹಿಂದೆ ಕೆರೆ ಏರಿಯ ಮಣ್ಣು ಇರುವುದರಿಂದ ಗುಂಡು ಎಲ್ಲಿಗೂ ಹೋಗುವುದಿಲ್ಲ. ಮೂವತ್ತು ಹೆಜ್ಜೆಯಿಂದ ಯಜಮಾನ ಒಂದೇ ಗುಂಡು ಹೊಡೆಯಬೇಕು. ಒಡೆದ ಕಾಯಿ ನೆಲ ಮುಟ್ಟಬಾರದು. ಅದಕ್ಕೆಂದು ಒಬ್ಬ ಆಳು ಹೊಸ ಪಂಚೆಯನ್ನು ಎರಡೂ ಕೈಯಲ್ಲಿ ಹರಡಿ ಹಿಡಿದು ಕಾಯಿಯ ಕೆಳಗೇ ನಿಲ್ಲಬೇಕು. ಪೂಜೆ ಮುಗಿದ ಮೇಲೆ ಆ ಪಂಚೆ ಅವನದು. ಅಪ್ಪನ ಕಾಲದಲ್ಲಿ ನಿಲ್ಲುತ್ತಿದ್ದವನು ದೊಡ್ಡಬೀರಯ್ಯ, ಈಗ ಅವನ ಮಗ ಸಣ್ಣಬೀರಯ್ಯ. ಕಾಯಿ ಅವನ ತಲೆಯಿಂದ ಎರಡು ಮೊಳ ಮೇಲೆ ತೂಗುತ್ತದೆ. ದೇವರ ಕಾಯಿ ಮಣ್ಣಾಗಬಾರದೆಂದು ಇಷ್ಟೆಲ್ಲ ಮುಂದಾಲೋಚನೆ ಮಾಡಿದ ಗುರುಮಲ್ಲಪ್ಪ, ಎರಡು ಮೊಳ ಕೆಳಗಿರುವುದರ ಬಗ್ಗೆ ಏನನ್ನೂ ಯೋಚಿಸಿದಂತಿರಲಿಲ್ಲ. ಅವನಿಗೆ ಯೋಚಿಸುವ ಅಗತ್ಯವೂ ಬೀಳಲಿಲ್ಲ, ಯಾಕೆಂದರೆ ಅವನ ಗುರಿ ಒಮ್ಮೆಯೂ ತಪ್ಪಲಿಲ್ಲ.

ನಂಜುಂಡಸ್ವಾಮಿಯ ಗುರಿ ಹೋದ ವರ್ಷ ತಪ್ಪಿತು. ಈಗ ಹಲ್ಲುಜ್ಜುತ್ತ ಹಿತ್ತಲಿಗೆ ಬಂದರೆ ಹುಣಸೆಮರ ಅಲ್ಲೇ ಇದೆ, ಸಣ್ಣಬೀರಯ್ಯ ಆಗಲೇ ಬಂದು ಅದರ ಬುಡದ ಕಸ ಗುಡಿಸುತ್ತಿದ್ದಾನೆ. ಬಗ್ಗಿದಾಗ ಅವನ ಬಲಗಿವಿ ಈ ಕಡೆಗೆ ತಿರುಗುತ್ತದೆ. ಮೇಲಿನ ಅಂಚಿನಲ್ಲಿ ಬೆರಳಗಲ ಇಲ್ಲ. ಅಂದು ಕೋವಿಯ ಮೂತಿಯ ಆಚೆ ಬರೀ ಬಿಳಿ ಮಂಜಿತ್ತು, ಮಂಜಿನ ನಡುವೆ ಒಂದು ಕಪ್ಪು ಮುದ್ದೆ. ಅದು ಕಾಯೇ ಇರಬೇಕು ಎಂದುಕೊಂಡ. ಬೇರೆ ಏನಾದರೂ ಇರಬಹುದು ಎಂಬ ಯೋಚನೆಯೂ ಬಂದಿತ್ತು. ಬರಲಿಲ್ಲ ಎಂದು ಅವನು ಲಿಂಗ ಹಿಡಿದು ಹೇಳಲಾರ. ಆದರೆ ಜನ ಸುತ್ತ ನಿಂತಿದ್ದರು, ದಾಯಾದಿ ವೀರಭದ್ರಸ್ವಾಮಿ ಕೈ ಕಟ್ಟಿಕೊಂಡು ನಿಂತಿದ್ದ, ಆದ್ದರಿಂದ ಹೊಡೆದ. ರಕ್ತ ಹೊಸ ಪಂಚೆಯ ಮೇಲೆ ಬಿದ್ದಾಗ ಮೊದಲು ಕೂಗಿದ್ದೂ ಅವನೇ: “ಯಾಕೋ ಅಲ್ಲಾಡ್ದೆ ಬಡ್ಡೆತ್ತದೆ!” ಕಿವಿ ಹಿಡಿದುಕೊಂಡು ಕುಕ್ಕರಿಸಿದ ಸಣ್ಣಬೀರಯ್ಯ ಒಂದು ಗಳಿಗೆ ಅವನ ಮುಖ ನೋಡಿದ. ಆಮೇಲೆ, “ಊಂ ಬುದ್ದಿ, ನಾನೇ ಅಲ್ಲಾಡ್ಬುಟ್ಟೆ” ಎಂದ. ಅಷ್ಟೇ ಸಾಕಾಯಿತು. ಸಂಜೆಯೊಳಗೆ ಊರಿಗೆಲ್ಲ ಅವನು ಅಲ್ಲಾಡಿದ್ದು ಖಚಿತವಾಗಿತ್ತು. ನೋಡಿದ್ದೇವೆಂದು ಹೇಳುವವರೂ ಹುಟ್ಟಿಕೊಂಡಿದ್ದರು. ಕುರಿ ಹಟ್ಟಿಯವರು ತಮ್ಮ ಮಂದೆಯ ಮರಿಗಳಿಗೆ ಕಿವಿ ಕತ್ತರಿಸಿ ಗುರುತು ಹಾಕುವುದುಂಟು. “ಬುದ್ದಿಯೋರು ನಿಂಗೂ ಗುರ್ತು ಆಕವ್ರೆ ಕಣ್ಲಾ, ಇನ್ನು ನೀನು ಎಲ್ಗೂ ತಪ್ಪುಸ್ಕೊಳಂಗಿಲ್ಲ” ಎಂದು ಅವನ ಜಾತಿಯವರೇ ನಕ್ಕರು. ಅವನೂ ನಕ್ಕನೆಂದು ಸುದ್ದಿ ಬಂತು. ನಂಜುಂಡಸ್ವಾಮಿಗೆ ಆ ನಗು ಬಹಳ ದಿನ ನಿದ್ದೆ ಕೊಡಲಿಲ್ಲ. ಬೈದಿದ್ದರೆ ಸುಖವಾಗಿ ಮಲಗಬಹುದಿತ್ತು.

ಕಣ್ಣಿನಲ್ಲಿ ಪೊರೆ ಎಂಬುದು ಅವನಿಗೆ ಗೊತ್ತಿತ್ತು. ಪಿರಿಯಾಪಟ್ಟಣದ ಶಾಲೆಯಲ್ಲಿ ನಡೆದ ಕಣ್ಣಿನ ಶಿಬಿರದಲ್ಲಿ ಅವನೇ ಮುಖ್ಯ ಅತಿಥಿ. ದೀಪ ಹಚ್ಚಿ, ಪೊರೆ ತೆಗೆಸಿಕೊಳ್ಳಲು ಹಿಂಜರಿಯುವುದು ಮೂಢತನ, ನಮ್ಮ ರೈತಾಪಿ ಜನ ಇನ್ನೂ ಕತ್ತಲೆಯಲ್ಲಿದ್ದಾರೆ ಎಂದು ಇಪ್ಪತ್ತು ನಿಮಿಷ ಭಾಷಣ ಮಾಡಿ ಬಂದಿದ್ದ. ದೀಪ ಹಚ್ಚುವಾಗ ಬತ್ತಿ ಎರಡೆರಡಾಗಿ ಕಂಡು ಬೆರಳು ಸುಟ್ಟುಕೊಂಡದ್ದು ಬೇರೆ ಮಾತು. ಅವನ ಭಾಷಣ ಕೇಳಿಯೇ ಸಣ್ಣಬೀರಯ್ಯನ ಹೆಂಡತಿ ರಾಮಮ್ಮ ಎರಡೂ ಕಣ್ಣು ಮಾಡಿಸಿಕೊಂಡಳು. ಬೆಂಚಿನ ಮೇಲೆ ಸಾಲಾಗಿ, ಕಣ್ಣಿಗೆ ಹಸಿರು ಬಟ್ಟೆ ಕಟ್ಟಿಕೊಂಡು ಕೂತ ಕೂಲಿಯವರ ಪಕ್ಕದಲ್ಲಿ ತಾನೂ ಒಂದು ಹಸಿರು ಬಟ್ಟೆ ಕಟ್ಟಿಕೊಂಡು ಕೂರುವುದನ್ನು ನೆನೆದರೇ ಅವನಿಗೆ ಬೆವರುತ್ತಿತ್ತು. ಮೈಸೂರಿಗೆ ಹೋಗಿ ಗುಟ್ಟಾಗಿ ಮಾಡಿಸಿಕೊಳ್ಳಬಹುದಿತ್ತು. ಆದರೆ ಕಣ್ಣು ಮಾಡಿಸಿಕೊಂಡರೆ ಕಣ್ಣು ಕೆಟ್ಟಿತ್ತೆಂದು ಒಪ್ಪಿದ ಹಾಗೆ. ಕಣ್ಣು ಕೆಟ್ಟಿತ್ತೆಂದರೆ ಸಣ್ಣಬೀರಯ್ಯ ಅಲ್ಲಾಡಲಿಲ್ಲವೆಂದ ಹಾಗೆ. ಆದ್ದರಿಂದ ಅವನು ಕೋವಿಗೆ ಚಿಕಿತ್ಸೆ ಶುರುಮಾಡಿದ. ಮೊದಲು ನಳಿಗೆಗೆ ಎಣ್ಣೆ ಬಿಟ್ಟ. ಆಮೇಲೆ ಗುಂಡಿನ ತೋಟಾ ಹಳತೆಂದ. ಕೊನೆಗೆ, ಕೋವಿಯ ನೋಟ ಸವೆದಿದೆ ಎಂದು ನಾಲ್ಕು ಜನರ ಮುಂದೆ ಹೇಳಿ ಒಂದು ದುರ್ಬೀನನ್ನು ಅದರ ನೆತ್ತಿಯ ಮೇಲೆ ಕೂರಿಸಿದ. ದುರ್ಬೀನು ಬಲು ಒಳ್ಳೆಯದು. ಅದಕ್ಕೆ ಬಲಗಣ್ಣು ಇಟ್ಟರೆ ದೂರದ ಮಂಜು ಹತ್ತಿರಕ್ಕೆ ಬಂದು ದೊಡ್ಡದಾಗಿ ಕಾಣುತ್ತಿತ್ತು.

ಎರಡನೆಯ ಗಾಜಿನ ಯೋಚನೆ ಬಂದದ್ದು ಸುನಂದಮ್ಮನ ಅಣ್ಣನ ಮಗ ಮಹೇಂದ್ರನಿಂದ. ಅವನು ಮೈಸೂರಿನಲ್ಲಿ ಗುರಿ ಹೊಡೆಯುವ ಕ್ಲಬ್ಬಿನ ಮೆಂಬರು. ದೂರದ ಗುರಿಗೆ ಮೇಲೊಂದು ದುರ್ಬೀನು, ಹತ್ತಿರದ ಗುರಿಗೆ ಪಕ್ಕದಲ್ಲಿ ವಾಲಿಸಿ ಕೂರಿಸಿದ ಪುಟ್ಟ ಗಾಜು. ಕೋವಿಯನ್ನು ಒಂದಿಷ್ಟು ಹೊರಳಿಸಿದರೆ ಆ ಗಾಜು ಕಣ್ಣ ಮುಂದೆ ಬರುತ್ತದೆ, ಅದರೊಳಗೆ ಉರಿಯುವ ಕೆಂಪು ಚುಕ್ಕೆಯನ್ನು ಗುರಿಯ ಮೇಲೆ ಇಟ್ಟರೆ ಮುಗಿಯಿತು ಎಂದು ಊಟದ ಹೊತ್ತಿನಲ್ಲಿ ವರ್ಣಿಸುತ್ತಿದ್ದ. ನಂಜುಂಡಸ್ವಾಮಿ ಸಾರನ್ನದಲ್ಲಿ ಕೈಯಿಟ್ಟುಕೊಂಡೇ ಕೂತುಬಿಟ್ಟ. ಹದಿನೈದು ದಿನದ ಕೆಳಗೆ ಮಹೇಂದ್ರ ಅಂಥ ಗಾಜಿರುವ ಹೆಬ್ಬೆರಳು ಗಾತ್ರದ ಕೊಳವೆಯೊಂದನ್ನೂ, ಕ್ಲಬ್ಬಿನವರಿಗೆ ಇಂಥದ್ದನ್ನೆಲ್ಲ ಮಾಡಿಕೊಡುವ ಲೇತಿನವನಿಂದ ಬಾಗಿದ ತಗಡಿನ ಹಿಡಿಯೊಂದನ್ನೂ ತಂದು ಜಗಲಿಯಲ್ಲಿ ಕೂತು ಬಿಗಿಯತೊಡಗಿದ. “ಮಾವ, ಬಲಗೈಯವರು ಇದನ್ನ ಬಲಕ್ಕೆ ವಾಲಿಸ್ತಾರೆ. ನೀವ್ಯಾಕೆ ಎಡಕ್ಕೇ ಬೇಕಂತೀರಿ?” “ನಂಗೆ ಎಡಕ್ಕೇ ಒಗ್ಗೋದು ಕಣಪ್ಪ.” “ಎಡಕ್ಕೆ ಹಾಕಿದ್ರೆ ಎಡಗಣ್ಣಲ್ಲಿ ನೋಡ್ಬೇಕಾಯ್ತದೆ.” “ಬುಡು, ನಿನ್ಗೇನ್ ಗೊತ್ತು, ಬಿಗಿ ಸುಮ್ನೆ.” ಮಹೇಂದ್ರ ಸ್ಕ್ರೂ ತಿರುಗಿಸುವುದನ್ನು ನಿಲ್ಲಿಸಿ ಮಾವನ ಕಣ್ಣನ್ನೇ ಒಂದು ಕ್ಷಣ ನೋಡಿದ, ನಂಜುಂಡಸ್ವಾಮಿ ಎದ್ದುಹೋಗಿ ಖಾಲಿ ಬಚ್ಚಲುಮನೆಯಲ್ಲಿ ಸ್ವಲ್ಪ ಹೊತ್ತು ನಿಂತು ಬಂದ. ಲೆಕ್ಕಾಚಾರ ಅವನಿಗೆ ಬಹಳ ಚೆಂದವಾಗಿ ಕಂಡಿತ್ತು. ಕೋವಿಯನ್ನು ಎಡಭುಜಕ್ಕೆ ಬದಲಾಯಿಸಿದರೆ ಊರಿಗೆ ತಿಳಿಯುತ್ತದೆ. ಬಲಭುಜದಲ್ಲೇ ಇಟ್ಟು ಕತ್ತನ್ನು ತುಸು ಮುಂದಕ್ಕೆ ಚಾಚಿದರೆ ಎಡಗಣ್ಣು ವಾಲಿದ ಗಾಜಿಗೆ ಸರಿಯಾಗಿ ಕೂರುತ್ತದೆ, ನೋಡುವವರಿಗೆ ದೊಡ್ಡ ದುರ್ಬೀನಿಗೇ ಕಣ್ಣಿಟ್ಟಂತೆ ಕಾಣುತ್ತದೆ. ಹಾಳುಬಿದ್ದ ಕಲ್ಲುಕ್ವಾರಿಗೆ ಹೋಗಿ, ಕಾಗದ ಅಂಟಿಸಿ, ನೀರು ತರಲೆಂದು ಮಹೇಂದ್ರನನ್ನು ಜೀಪಿನ ಹತ್ತಿರ ಕಳಿಸಿ, ಐದು ಗುಂಡು ಹೊಡೆದ. ಐದೂ ಅಂಗೈಯಗಲದಲ್ಲಿ ಬಿದ್ದಿದ್ದವು. ಕಾಗದವನ್ನು ಮಡಿಸಿ ಜೇಬಿನಲ್ಲಿಟ್ಟುಕೊಂಡ. ಮನೆಗೆ ಬರುವ ದಾರಿಯಲ್ಲಿ ಎರಡು ಸಲ ಅದನ್ನು ಮುಟ್ಟಿ ನೋಡಿಕೊಂಡ. ಅವನಿಗೆ ನಿಜವಾಗಿಯೂ ಸಂತೋಷವಾಗಿತ್ತು, ಈ ಸಲ ಸಣ್ಣಬೀರಯ್ಯನಿಗೆ ಏನೂ ಆಗುವುದಿಲ್ಲ ಎಂಬ ಸಂತೋಷ. ಅದಕ್ಕಿಂತ ತುಸು ಹೆಚ್ಚಾಗಿ, ಯಾರಿಗೂ ಏನೂ ತಿಳಿಯುವುದಿಲ್ಲ ಎಂಬುದು.

ಹನ್ನೊಂದು ಗಂಟೆಗೆ ಹಿತ್ತಲಲ್ಲಿ ಜನ ಸೇರಿದರು. ಹೋದ ವರ್ಷಕ್ಕಿಂತ ಹೆಚ್ಚೇ ಇದ್ದರು. ಕಿವಿಯ ಕಥೆ ಆಚೀಚೆ ಊರಿಗೂ ಮುಟ್ಟಿರಬೇಕು. ಟ್ರ್ಯಾಕ್ಟರು, ಪಂಪುಸೆಟ್ಟು, ನೇಗಿಲು, ಮಚ್ಚು, ಸುನಂದಮ್ಮನ ಮಿಕ್ಸಿ, ಕೊನೆಯಲ್ಲಿ ಮಣೆಯ ಮೇಲೆ ಕೋವಿ. ವೀರಭದ್ರಸ್ವಾಮಿ ಬಗ್ಗಿ ಕೋವಿಯನ್ನು ಸುತ್ತಲಿಂದ ನೋಡಿ, “ಇದೇನಪ್ಪ ನಂಜುಂಡ, ಹೋದ್ಸಲ ಇದಕ್ಕೆ ಕಣ್ಣೇ ಇರ್ಲಿಲ್ಲ, ಈಗ ಎರಡೆರಡು ಬಂದವೆ! ಬರೋ ವರ್ಷಕ್ಕೆ ಮೂರಾದ್ರೆ ಶಿವನೇ ಆಗೋಯ್ತದೆ” ಎಂದ. ಜನ ನಕ್ಕರು. ನಂಜುಂಡಸ್ವಾಮಿಯೂ ನಕ್ಕ, ಆದರೆ ತನ್ನ ನಗು ಹೋದ ವರ್ಷದ ಸಣ್ಣಬೀರಯ್ಯನ ನಗುವಿನಂತೆಯೇ ಇರಬಹುದೆಂದು ತೋರಿ ನಿಲ್ಲಿಸಿಬಿಟ್ಟ. ಪೂಜೆಗೆ ಕೂತ. ಮೂರು ಬೆರಳನ್ನು ನೆನೆಸಿದ ವಿಭೂತಿಯಲ್ಲಿ ಅದ್ದಿ ಪ್ರತಿ ಆಯುಧದ ಮುಖಕ್ಕೂ ಎಳೆದು ನಡುವೆ ಒಂದು ಕುಂಕುಮದ ಬೊಟ್ಟು ಇಡಬೇಕು, ಅಪ್ಪ ಹಾಗೆಯೇ ಹೇಳಿಕೊಟ್ಟದ್ದು. ಟ್ರ್ಯಾಕ್ಟರಿನ ಒಂದು ದೀಪಕ್ಕೆ ಎಳೆದ, ಇನ್ನೊಂದು ದೀಪಕ್ಕೆ ಎಳೆದ. ಜನರ ಸಾಲಿನ ಕೊನೆಯಲ್ಲಿ ರಾಮಮ್ಮ ದಪ್ಪ ಕನ್ನಡಕ ಹಾಕಿಕೊಂಡು ನಿಂತಿದ್ದಳು. ಆ ಕನ್ನಡಕದೊಳಗಿನ ಕಣ್ಣು ತನ್ನ ಬೆರಳನ್ನೇ ನೋಡುತ್ತಿರುವಂತೆ ಅನ್ನಿಸಿತು. ಶಿಬಿರದಲ್ಲಿ ತಾನೇ ಅವಳ ಕೈಗೆ ಹಣ್ಣು ಕೊಟ್ಟಿದ್ದ. ಆಗ ಅವಳು ಕತ್ತು ಎತ್ತಿರಲಿಲ್ಲ, ಈಗ ಎತ್ತಿದ್ದಾಳೆ. ಬೆರಳು ತನ್ನ ಪಾಡಿಗೆ ಮರ, ಕಬ್ಬಿಣ, ಗಾಜು ಎನ್ನದೆ ಎಳೆಯುತ್ತ ಹೋಯಿತು, ಬೊಟ್ಟು ಇಡುತ್ತ ಹೋಯಿತು. ಮಂಗಳಾರತಿಯ ಕರ್ಪೂರ ಜೋರಾಗಿ ಉರಿಯಿತು. ಸುನಂದಮ್ಮ ಹೊಸ ಪಂಚೆಯನ್ನು ಸಣ್ಣಬೀರಯ್ಯನ ಕೈಗೆ ಮೇಲಿನಿಂದ ಬಿಟ್ಟಳು. ಅವನು ಅದನ್ನು ಬಿಡಿಸಿಕೊಂಡು, ಯಾರ ಮುಖವನ್ನೂ ನೋಡದೆ ಹುಣಸೆಮರದ ಕೆಳಕ್ಕೆ ನಡೆದ.

ನಂಜುಂಡಸ್ವಾಮಿ ಮೂವತ್ತನೆಯ ಹೆಜ್ಜೆಯ ಕಲ್ಲಿನ ಮೇಲೆ ನಿಂತು ಕೋವಿಯನ್ನು ಬಲಭುಜಕ್ಕೆ ಒತ್ತಿ, ಕತ್ತು ಚಾಚಿ, ಎಡಗಣ್ಣನ್ನು ಕೊಳವೆಯ ಬಾಯಿಗೆ ಅಂಟಿಸಿದ. ಏನೂ ಇರಲಿಲ್ಲ. ಮರ ಇಲ್ಲ, ಕಾಯಿ ಇಲ್ಲ, ಏರಿ ಇಲ್ಲ. ಬೆಳ್ಳಗೆ, ಬಲಗಣ್ಣಿಗಿಂತಲೂ ದಟ್ಟವಾಗಿ, ಎಲ್ಲ ಕಡೆ ಬಿಳಿ. ನಡುವೆ ಒಂದು ಕೆಂಪು ಚುಕ್ಕೆ. ಚುಕ್ಕೆ ಇದೆ, ಲೋಕವೇ ಇಲ್ಲ. ಹೋಯಿತು ಎಂದುಕೊಂಡ. ಎಡದ್ದೂ ಹೋಯಿತು, ಇವತ್ತೇ, ಈಗಲೇ, ಎಲ್ಲರ ಮುಂದೆ. ಕರ್ಪೂರದ ಬೆಳಕನ್ನು ನೆಟ್ಟು ನೋಡಬಾರದಿತ್ತು. ತಲೆ ಎತ್ತಿ ನೋಡಿದರೆ ತಿಳಿಯುತ್ತಿತ್ತು, ಆದರೆ ಎಡಕ್ಕೆ ಐದು ಹೆಜ್ಜೆಯಲ್ಲಿ ವೀರಭದ್ರಸ್ವಾಮಿ ನಿಂತಿದ್ದಾನೆ. ತಲೆ ಎತ್ತಿದರೆ ಯಾವ ಕಣ್ಣು ಯಾವ ಗಾಜಿನಲ್ಲಿತ್ತೆಂದು ಅವನಿಗೆ ಕಾಣುತ್ತದೆ. ಕುರುಡಾಗಿರುವುದಕ್ಕಿಂತ ಅದು ಹೆಚ್ಚು ಭಯವಾಗಿ ತೋರಿತು. ಕಾಯಿ ಎಲ್ಲಿದೆಯೆಂದು ಗೊತ್ತು, ನಲವತ್ತು ವರ್ಷದಿಂದ ಅದೇ ಕೊಂಬೆ, ಅದೇ ಎತ್ತರ. ಕೋವಿಯನ್ನು ತುಸು ಮೇಲಕ್ಕೆ ಹಿಡಿದು ಹೊಡೆದರೆ ಕೊಂಬೆಗೋ ಏರಿಗೋ ಬೀಳುತ್ತದೆ, ತಪ್ಪಿತು ಅನ್ನುತ್ತಾರೆ, ಅಷ್ಟೇ ತಾನೆ. ತುಸು ಎಂದರೆ ಎಷ್ಟು? ಹೋದ ವರ್ಷವೂ ಹೀಗೇ ಲೆಕ್ಕ ಹಾಕಿದ್ದ. ಬೆರಳು ಕೋವಿಯ ಕುದುರೆಯ ಮೇಲೆ ಹೋಗಿ ಕೂತಿತ್ತು. ತಾನು ಕಳಿಸಿರಲಿಲ್ಲ, ಅದೇ ಹೋಗಿತ್ತು. ಈ ಬೆರಳು ಹೊಡೆದುಬಿಡುತ್ತದೆ ಎಂದು ಅವನಿಗೆ ತಿಳಿಯಿತು. ಕೆಳಗೆ ಒಬ್ಬ ಮನುಷ್ಯ ಪಂಚೆ ಹರಡಿ ನಿಂತಿದ್ದಾನೆ, ತನಗೆ ಹಗಲೋ ಇರುಳೋ ಗೊತ್ತಾಗುತ್ತಿಲ್ಲ, ಆದರೂ ವೀರಭದ್ರನ ಮುಂದೆ ತಲೆ ಎತ್ತಬಾರದೆಂದು ತಾನು ಹೊಡೆದುಬಿಡುತ್ತೇನೆ. ತನ್ನ ಮೇಲೆಯೇ ಅವನಿಗೆ ಹೇಸಿಗೆಯಾಯಿತು. ಕಣ್ಣು ಮುಚ್ಚಿ, ಕೋವಿಯನ್ನು ಕೆಳಗಿಳಿಸಿ, ಬೇರೆ ಯಾರದೋ ಎಂಬಂಥ ಧ್ವನಿಯಲ್ಲಿ ಹೇಳಿಬಿಟ್ಟ: “ನಂಗೆ ಕಾಣ್ತಿಲ್ಲ. ಹೋದ್ ವರ್ಷಾನೂ ಕಂಡಿರ್ಲಿಲ್ಲ. ಅವನು ಅಲ್ಲಾಡ್ಲಿಲ್ಲ.”

ಎದೆಯ ಮೇಲಿಂದ ಏನೋ ಇಳಿದಂತೆ, ಹುಡುಗನಾಗಿದ್ದಾಗ ಜ್ವರ ಬಿಟ್ಟ ಬೆಳಗ್ಗೆ ಆಗುತ್ತಿದ್ದಂತೆ, ಅವನಿಗೆ ಹಗುರವಾಯಿತು. ಇನ್ನು ಕಣ್ಣು ಮಾಡಿಸಿಕೊಳ್ಳಬಹುದು. ಬೆಂಚಿನ ಮೇಲೆ ಕೂರಬಹುದು. ಆ ಹಗುರ ಎರಡು ಉಸಿರಿನಷ್ಟು ಹೊತ್ತು ಇತ್ತು. ಆಮೇಲೆ ಹಿಂದಿನ ಸಾಲಿನಿಂದ ರಾಮಮ್ಮನ ಗಂಟಲು ಕೇಳಿಸಿತು: “ಕಾಣದು ಎಂಗೆ ಬುದ್ದೀ? ಎಲ್ಡು ಗಾಜ್ಗೂ ಈಬೂತಿ ಬಳ್ದು ಕುಂಕ್ಮ ಮಡ್ಗಿವ್ರಿ, ನೋಡಿ ಅಲ್ಲಿ!” ಮಾಡಿಸಿಕೊಂಡ ಕಣ್ಣು, ತಪ್ಪುವ ಹಾಗಿಲ್ಲ. ನಂಜುಂಡಸ್ವಾಮಿ ಕಣ್ಣು ಬಿಟ್ಟ. ಎಡಗಣ್ಣಿಗೆ ಕೋವಿ ಕಂಡಿತು. ದುರ್ಬೀನಿನ ಮುಖಕ್ಕೂ ಕೊಳವೆಯ ಮುಖಕ್ಕೂ ಮೂರೆಳೆಯ ವಿಭೂತಿ ಒಂದರೊಳಗೊಂದು ಇಳಿದು ದಪ್ಪಗೆ ಒಣಗಿತ್ತು, ನಡುವೆ ಕುಂಕುಮ. ಸ್ವಂತ ಕೈಯ ಕೆಲಸ. ಮೊದಲು ನಕ್ಕವಳು ಸುನಂದಮ್ಮ, ಸೆರಗು ಬಾಯಿಗೆ ಒತ್ತಿಕೊಂಡು. ಆಮೇಲೆ ನೆರೆದವರೆಲ್ಲ. ವೀರಭದ್ರಸ್ವಾಮಿ ತೊಡೆ ತಟ್ಟಿಕೊಂಡು, “ಅಲ್ಲ ಕಣೋ, ಹೋದ್ ವರ್ಷಾನೂ ಹಿಂಗೇ ಬಳ್ಕೊಂಡ್ ಹೊಡ್ದಿದ್ಯಾ! ಪಾಪ, ಸಣ್ಣಬೀರನ ಕಿವಿ ಈಬೂತಿಗೆ ಹೋಯ್ತಲ್ಲೋ!” ಎಂದು ಕೂಗಿದ. ಜನ ಬಿದ್ದು ಬಿದ್ದು ನಕ್ಕರು. ಅದು ಬೈಗುಳವಲ್ಲ, ವಿನಾಯಿತಿ. ಊರಿಗೆ ಯಾವಾಗಲೂ ಅಪರಾಧಕ್ಕಿಂತ ತಮಾಷೆ ಇಷ್ಟ. ಅಲ್ಲ, ಪೂಜೆಯ ತಪ್ಪಲ್ಲ, ನನ್ನ ಕಣ್ಣಿನದು ಎಂದು ಇನ್ನೊಮ್ಮೆ ಹೇಳಲು ಅವನಿಗೆ ಸಮಯವಿತ್ತು. ಬಾಯಿಯೂ ತೆರೆದಿತ್ತು. ತೆರೆದ ಬಾಯಿಂದ ನಗು ಬಂತು. “ಹೂಂ ಕಣಪ್ಪ, ನನ್ ಕೈಗೇ ಬುದ್ಧಿ ಇಲ್ಲ” ಎನ್ನುತ್ತ ಹೆಗಲ ವಸ್ತ್ರದಿಂದ ಎರಡೂ ಗಾಜನ್ನು ಒರೆಸಿದ.

ಈ ಸಲ ಕೊಳವೆಯಲ್ಲಿ ಎಲ್ಲವೂ ಇತ್ತು. ಬಾಳೆನಾರಿನ ಎಳೆ, ಕಾಯಿಯ ಜುಟ್ಟು, ಅದರ ಕೆಳಗೆ ಪಂಚೆ, ಪಂಚೆಯ ಹಿಂದೆ ಮುಖ. ಇಷ್ಟು ಸ್ಪಷ್ಟವಾಗಿ ಅವನು ಸಣ್ಣಬೀರಯ್ಯನ ಮುಖವನ್ನು ಎಂದೂ ನೋಡಿರಲಿಲ್ಲ. ಜನರೆಲ್ಲ ನಗುತ್ತಿದ್ದಾಗಲೂ ಅವನು ಜಾಗ ಬಿಟ್ಟು ಕದಲಿರಲಿಲ್ಲ. ಗಲ್ಲದ ಬಿಳಿ ಗಡ್ಡ, ಹರಿದ ಕಿವಿಯ ಅಂಚು. ಎರಡೂ ಕಣ್ಣು ಗಟ್ಟಿಯಾಗಿ ಮುಚ್ಚಿದ್ದವು. ತುಟಿ ಏನನ್ನೋ ಹೇಳಿಕೊಳ್ಳುತ್ತಿತ್ತು, ಬೀರೇದೇವರ ಹೆಸರೇ ಇರಬೇಕು. ನಂಜುಂಡಸ್ವಾಮಿ ಕೆಂಪು ಚುಕ್ಕೆಯನ್ನು ಅವಸರದಲ್ಲಿ ಆ ಮುಖದಿಂದ ಮೇಲಕ್ಕೆ ಒಯ್ದು ಕಾಯಿಯ ನಡುವಿಗಿಟ್ಟು ಹೊಡೆದ. ಕಾಯಿ ಸೀಳಿ, ನೀರು ಚಿಮ್ಮಿ, ಎರಡೂ ಹೋಳು ಪಂಚೆಗೆ ಬಿದ್ದವು. ಜನ ಕೇಕೆ ಹಾಕಿದರು. “ಅಪ್ಪನ ಮಗ ಕಣೋ!” ಎಂದು ವೀರಭದ್ರಸ್ವಾಮಿಯೇ ಬೆನ್ನು ತಟ್ಟಿದ. ನಂಜುಂಡಸ್ವಾಮಿಗೆ ಹೆಮ್ಮೆಯಾಯಿತು, ನಾಚಿಕೆಗೆಟ್ಟ ಹೆಮ್ಮೆ.

ಜನ ಕರಗಿ ಪಾನಕದ ಕಡೆ ಸರಿದ ಮೇಲೆ ಸಣ್ಣಬೀರಯ್ಯ ಹೋಳುಗಳನ್ನು ಪಂಚೆಯಲ್ಲೇ ಎತ್ತಿಕೊಂಡು ಬಂದು ಜಗಲಿಯ ಮೇಲೆ ಇಳಿಸಿದ. ಕಾಯಿನೀರು ತಲೆಯ ಮೇಲೆ ಬಿದ್ದು ಕಿವಿಯ ಹರಕಿನಿಂದ ಇನ್ನೂ ತೊಟ್ಟಿಕ್ಕುತ್ತಿತ್ತು. “ಒಳ್ಳೇ ಗುರಿ ಬಿತ್ತು ನೋಡ್ಲಾ” ಎಂದ ನಂಜುಂಡಸ್ವಾಮಿ, ಕೋವಿ ಒರೆಸುತ್ತ. “ಊಂ ಬುದ್ದಿ.” ಅವನು ಹೊರಡಲಿಲ್ಲ. ಒರೆಸಿ ಫಳಫಳ ಎನ್ನುತ್ತಿದ್ದ ಎರಡು ಗಾಜುಗಳನ್ನು, ಮೊದಲು ಮೇಲಿನದನ್ನು, ಆಮೇಲೆ ಎಡಕ್ಕೆ ವಾಲಿದ್ದನ್ನು, ನಿಧಾನವಾಗಿ ನೋಡಿದ. ಧ್ವನಿ ಏರಿಸದೆ, ಒಬ್ಬನಿಗಷ್ಟೇ ಕೇಳುವಂತೆ ಹೇಳಿದ:

“ಓದ್ ವರ್ಸ ಗಾಜೇ ಇರ್ನಿಲ್ವಲ್ಲ ಬುದ್ದಿ.”

ಹೇಳಿ, ಕೈ ಮುಗಿದು, ಅಂಗಳ ದಾಟಿ, ಗೇಟಿನ ಹತ್ತಿರ ಕಾಯುತ್ತಿದ್ದ ರಾಮಮ್ಮನ ಜೊತೆ ರಸ್ತೆಗೆ ಇಳಿದ. ಪಾನಕದ ಲೋಟ ಹಿಡಿದು ಬಂದ ಸುನಂದಮ್ಮ ಹೋಳುಗಳ ಕೆಳಗೆ ಹರಡಿಕೊಂಡಿದ್ದ ಹೊಸ ಪಂಚೆಯನ್ನು ನೋಡಿ, “ಅಯ್ಯೋ, ಸಣ್ಣಬೀರ ಪಂಚೇನೇ ಮರ್ತು ಹೋದ್ನಲ್ಲ! ಕೂಗ್ರೀ, ಇನ್ನೂ ಅಲ್ಲೇ ಅವ್ನೆ” ಎಂದಳು. ಎಡಗಣ್ಣಿಗೆ ಅವನು ಚೆನ್ನಾಗಿ ಕಾಣುತ್ತಿದ್ದ, ಬರಿ ಹೆಗಲು, ಹರಿದ ಕಿವಿ, ಎಲ್ಲಾ.

“ಹೂಂ, ಮರ್ತವ್ನೆ” ಎಂದ ನಂಜುಂಡಸ್ವಾಮಿ, ಎಡಗಣ್ಣನ್ನು ಅಂಗೈಯಿಂದ ಮುಚ್ಚಿಕೊಂಡ.